ಊರಿಗೆ 25 ಲಕ್ಷ ದಾನ ಬರ್ತಿದೆ, ಬೋರ್ ಹೊಡೆಸೋದಾ ಕೆರೆ ಹೂಳು ತೆಗೆಸೋದಾ?

ಪ್ರಶ್ನೆ: ಸರ್ ನಮಸ್ತೆ. ನಮ್ದು ನಾಗಮಂಗಲ ತಾಲ್ಲೂಕಲ್ಲಿ ಒಂದು ಸಣ್ಣ ಊರು, 70 ಮನೆ. ಎಲ್ರಿಗೂ ಒಂದು ಎಕರೆ ಎರಡು ಎಕರೆ, ಹೆಚ್ಚಂದ್ರೆ ಮೂರು. ರಾಗಿ, ಹುರುಳಿ, ಸ್ವಲ್ಪ ತೆಂಗು. ಕಾಲುವೆ ನೀರಿಲ್ಲ, ಇರೋ ಬೋರುಗಳಲ್ಲಿ ಅರ್ಧ ನಿಂತೋಗಿವೆ. ಬೆಂಗಳೂರಿನ ಒಂದು ಕಂಪನಿ ಸಮಾಜದ ಕೆಲಸಕ್ಕೆ ಅಂತ ಎತ್ತಿಡೋ ಸಿಎಸ್‌ಆರ್ ದುಡ್ಡಲ್ಲಿ 25 ಲಕ್ಷ ಕೊಡ್ತೀವಿ ಅಂದಿದೆ, ಅಮೆರಿಕದಲ್ಲಿರೋ ನಮ್ಮೂರ ಹುಡುಗ್ರು ಇಬ್ರು ಇನ್ನಷ್ಟು ಸೇರಿಸ್ತೀವಿ ಅಂತಿದಾರೆ. ಊರಲ್ಲಿ ಮೀಟಿಂಗ್ ಮಾಡಿ ಎರಡು ಬೋರು, ಒಂದು ದೊಡ್ಡ ಟ್ಯಾಂಕು, 20 ಜನಕ್ಕೆ ಡ್ರಿಪ್ಪು ಅಂತ ಪ್ಲಾನ್ ಮಾಡಿದೀವಿ. ಕೆಲವ್ರು ಕೆರೆ ಹೂಳು ತೆಗ್ಸಿ ಸಾಕು ಅಂತಾರೆ. ಯಾವ್ದು ಸರಿ?

ಉತ್ತರ: ಮೊದ್ಲು ನೇರವಾಗಿ ಹೇಳ್ಬಿಡ್ತೀನಿ, ಆ ಎರಡು ಬೋರು ಬೇಡ. ಬೇಜಾರು ಮಾಡ್ಕೋಬೇಡಿ, ನಾನು ಮೂವತ್ತು ವರ್ಷ ಮೈಸೂರು ಮಂಡ್ಯ ಚಾಮರಾಜನಗರ ಸುತ್ತ ಜಲಾನಯನ ಕೆಲಸದಲ್ಲೇ, ಅಂದ್ರೆ ಮಳೆ ನೀರು ಮಣ್ಣು ಉಳಿಸೋ ಕೆಲಸದಲ್ಲೇ ಇದ್ದೋನು, ದಾನದ ದುಡ್ಡಲ್ಲಿ ಹೊಡೆಸಿದ ಬೋರುಗಳು ಎಷ್ಟು ದಿನ ಬಾಳಿದ್ವು ಅಂತ ಕಣ್ಣಾರೆ ನೋಡಿದೀನಿ. ನಿಮ್ಮ ಸೀಮೇಲಿ ಕೆಳಗಿರೋದು ಗಟ್ಟಿ ಕಲ್ಲು. ಅದ್ರೊಳಗೆ ನೀರು ಕೊಳದ ಥರ ನಿಂತಿರಲ್ಲ, ಮೇಲಿನ ಸವೆದು ಸಡಿಲಾದ ಕಲ್ಲಿನ ಪದರದಲ್ಲಿ, ಅದ್ರ ಕೆಳಗಿನ ಬಿರುಕುಗಳಲ್ಲಿ ಅಷ್ಟೋ ಇಷ್ಟೋ ಸೇರ್ಕೊಂಡಿರುತ್ತೆ. ಹೊಸ ಬೋರು ಹೊಡೆದಾಗ ಎಷ್ಟೋ ಸಲ ಪಕ್ಕದ ಹೊಲದೋರ ಬೋರಿಗೆ ಬರ್ತಿದ್ದ ನೀರೇ ಈ ಕಡೆ ತಿರುಗುತ್ತೆ, ಊರಿನ ಒಟ್ಟು ನೀರು ಒಂದು ಕೊಡನೂ ಜಾಸ್ತಿ ಆಗಿರಲ್ಲ. ಅರ್ಧ ಬೋರು ಈಗಾಗ್ಲೇ ನಿಂತೋಗಿವೆ ಅಂತ ನೀವೇ ಬರೆದಿದೀರಿ, ಅಂದ್ರೆ ಒಳಗೆ ಇಳಿಯೋ ನೀರಿಗಿಂತ ಎತ್ತೋದು ಜಾಸ್ತಿ ಆಗಿದೆ, ಇಂಥ ಕಡೆ ಇನ್ನೆರಡು ತೂತು ಕೊರೆಯೋಕೆ ಬೇರೆಯವ್ರ ದಾನದ ದುಡ್ಡು ಯಾಕೆ.

ಇನ್ನು 20 ಜನಕ್ಕೆ ಡ್ರಿಪ್ಪು ಅಂದ್ರಲ್ಲ, ಉಳಿದ 50 ಮನೆ ಕಥೆ ಏನು? ಇದನ್ನ ಜಗಳಕ್ಕೆ ಅಂತ ಕೇಳ್ತಿಲ್ಲ. ಹೊರಗಿನ ದುಡ್ಡು ಊರಿಗೆ ಬಂದಾಗ ಅದು ಮೊದ್ಲು ಹೋಗಿ ಸೇರೋದು ಈಗಾಗ್ಲೇ ನೀರಿರೋರ ಹೊಲಕ್ಕೆ, ಯಾಕಂದ್ರೆ ಬೋರು ಇದ್ರೆ ತಾನೆ ಡ್ರಿಪ್ ಹಾಕೋಕಾಗೋದು. ಒಂದು ಎಕರೆ ಖುಷ್ಕಿ ಜಮೀನಿಟ್ಕೊಂಡು ಮಳೆ ನಂಬಿರೋರು ಮೀಟಿಂಗಲ್ಲಿ ಹಿಂದೆ ಕೂತು ಎದ್ದು ಹೋಗಿರ್ತಾರೆ. ನಿಮ್ಮ ಮೀಟಿಂಗಲ್ಲೂ ಹಂಗೇ ಆಗಿದ್ಯಾ ಅಂತ ಒಂದ್ಸಲ ಯೋಚ್ನೆ ಮಾಡಿ.

ನಾನು ಹೇಳೋದು ಇಷ್ಟೇ, ಕೆಲವ್ರಿಗೆ ವರ್ಷಪೂರ್ತಿ ನೀರು ಕೊಡೋಕೆ ಹೋಗ್ಬೇಡಿ, ಎಲ್ರಿಗೂ ಎರಡು ನೀರು ಸಿಗೋ ಹಾಗೆ ಮಾಡಿ. ಎರಡು ನೀರು ಅಂದ್ರೆ ಎರಡೇ ಸಲ ಹೊಲ ನೆನೆಸೋದು. ನಿಮ್ಮ ಕಡೆ ವರ್ಷಕ್ಕೆ ಹೆಚ್ಚುಕಮ್ಮಿ 700 ಮಿಲಿಮೀಟರ್ ಮಳೆ ಬೀಳುತ್ತೆ, ರಾಗಿಗೆ ಅದು ಕಮ್ಮಿ ಏನಲ್ಲ. ತೊಂದ್ರೆ ಇರೋದು ಮಳೆ ಬೀಳೋ ರೀತೀಲಿ. ಭರಣಿ ಕೃತ್ತಿಕೆ ಮಳೇಲಿ, ಅಂದ್ರೆ ಮೇ ತಿಂಗಳ ಹೊತ್ತಿಗೆ, ಗುಡುಗು ಸಿಡ್ಲು ಅಂತ ಜೋರಾಗಿ ಸುರಿದು ಹೊಲದ ಮೇಲ್ಮಣ್ಣು ಸಮೇತ ಹಳ್ಳ ಸೇರುತ್ತೆ, ಆಮೇಲೆ ಉತ್ತರೆ ಚಿತ್ತೆ ಟೈಮಲ್ಲಿ, ಸೆಪ್ಟೆಂಬರ್ ಅಕ್ಟೋಬರಲ್ಲಿ, ಇನ್ನೊಂದು ಸುತ್ತು ಬರುತ್ತೆ, ನಡುವೆ ಆಗಸ್ಟಿನ ಆಶ್ಲೇಷ ಮಖದಲ್ಲಿ ಇಪ್ಪತ್ತು ದಿನ ಇಪ್ಪತ್ತೈದು ದಿನ ಮುಗಿಲು ನೋಡ್ಕೊಂಡು ಕೂರಬೇಕು. ರಾಗಿ ಬುಡದಲ್ಲಿ ತೆಂಡೆ, ಅಂದ್ರೆ ಪಕ್ಕದ ಕವಲು, ಒಡೆಯೋ ಹೊತ್ತಿಗೆ ಒಂದು ನೀರು, ತೆನೆ ಬಂದು ಕಾಳು ಕಟ್ಟೋ ಹೊತ್ತಿಗೆ ಇನ್ನೊಂದು, ಇಷ್ಟು ಸಿಕ್ಕಿದ್ರೆ ಬೆಳೆ ಕೈಗೆ ಬರುತ್ತೆ, ಇಲ್ಲಾಂದ್ರೆ ದನಕ್ಕೆ ಹುಲ್ಲು ಸಿಕ್ಕಿದ್ದೇ ಪುಣ್ಯ. ಒಬ್ಬ ಸಣ್ಣ ರೈತ ಸಾಲಕ್ಕೆ ಬೀಳ್ತಾನಾ ಇಲ್ವಾ ಅನ್ನೋದು ಆ ಎರಡು ನೀರಲ್ಲೇ ತೀರ್ಮಾನ ಆಗೋದು, ಅದಕ್ಕೇ ಇದನ್ನ ಇಷ್ಟು ಒತ್ತಿ ಹೇಳ್ತಿದೀನಿ.

ಈಗ ಲೆಕ್ಕಕ್ಕೆ ಬನ್ನಿ, ಸ್ವಲ್ಪ ತಾಳ್ಮೆಯಿಂದ ಓದಿ, ಈ ಲೆಕ್ಕ ನಿಮಗೇ ಗೊತ್ತಿದ್ರೆ ಕಂಪನಿಯೋರಾಗ್ಲಿ ಕಂಟ್ರಾಕ್ಟರ್ ಆಗ್ಲಿ ಯಾರೂ ನಿಮ್ಮನ್ನ ಏಮಾರ್ಸೋಕಾಗಲ್ಲ. ಒಂದು ಎಕರೆ ಅಂದ್ರೆ 4047 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಒಂದು ಎಕರೆ ಮೇಲೆ ಬಿದ್ರೆ 4047 ಲೀಟರ್. ಒಂದು ಒಳ್ಳೆ ನೀರು ಕೊಡ್ಬೇಕು ಅಂದ್ರೆ ಸ್ಪ್ರಿಂಕ್ಲರ್‌ಲ್ಲಿ 25 ಮಿಲಿಮೀಟರ್ ಅಂತ ಇಟ್ಕೊಳ್ಳಿ, ಎಕರೆಗೆ ಹತ್ತಿರ ಹತ್ತಿರ 1 ಲಕ್ಷ ಲೀಟರ್. ಎರಡು ನೀರಿಗೆ 2 ಲಕ್ಷ. ಈಗ 12 ಮೀಟರ್ ಉದ್ದ 12 ಮೀಟರ್ ಅಗಲ 3 ಮೀಟರ್ ಆಳದ ಒಂದು ಕೃಷಿ ಹೊಂಡ ತಗೊಳ್ಳಿ. ಗೋಡೆ ನೆಟ್ಟಗೆ ತೆಗೆಯೋಕಾಗಲ್ಲ, ಕುಸಿಯುತ್ತೆ, ಇಳಿಜಾರಾಗಿ ತೆಗೀಬೇಕು, ಹಂಗಾಗಿ ಕೆಳಗೆ ತಳ 6 ಮೀಟರ್‌ಗೆ ಬಂದು ನಿಲ್ಲುತ್ತೆ. ಅದರಲ್ಲಿ ಹಿಡಿಯೋದು ಸುಮಾರು ಎರಡೂವರೆ ಲಕ್ಷ ಲೀಟರ್. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆರಿ ಹೋಗುತ್ತೆ ಅಂದ್ರೂ ಎರಡು ತಿಂಗಳಿಗೆ 40 ಸಾವಿರ ಚಿಲ್ಲರೆ ಲೀಟರ್ ಹೋಯ್ತು. ಉಳಿದಿದ್ದು 2 ಲಕ್ಷ, ಅಂದ್ರೆ ಒಂದು ಎಕರೆ ರಾಗಿಗೆ ಸರಿಯಾಗಿ ಎರಡು ನೀರು.

ತುಂಬುತ್ತಾ ಅಂತ ಕೇಳ್ತೀರಿ. ಹೊಂಡದ ಮೇಲ್ಗಡೆ ಮೂರು ಎಕರೆ ಇಳಿಜಾರು ಇದ್ದು, 40 ಮಿಲಿಮೀಟರಿನ ಒಂದು ಜೋರು ಮಳೆ ಬಂದು, ಅದರಲ್ಲಿ ನೂರಕ್ಕೆ ಹದಿನೈದು ಭಾಗ ಹರಿದು ಬಂತು ಅಂದ್ರೂ 70 ಸಾವಿರ ಲೀಟರ್ ದಾಟುತ್ತೆ. ಅಂಥವು ನಾಲ್ಕು ಮಳೆ ಸಾಕು. ಆದ್ರೆ ಮೇಲ್ಗಡೆ ಇಳಿಜಾರು ಇದ್ರೆ ಮಾತ್ರ, ಇದನ್ನ ಮರೀಬೇಡಿ. ಒಂದು ಯೋಜನೇಲಿ ರಸ್ತೆ ಪಕ್ಕ ಎದ್ದು ಕಾಣ್ಲಿ, ಬೋರ್ಡು ಹಾಕೋಕೆ ಫೋಟೋ ತೆಗೆಯೋಕೆ ಅನುಕೂಲ ಆಗ್ಲಿ ಅಂತ ದಿಣ್ಣೆ ಮೇಲೆ ಹೊಂಡ ತೆಗೆಸಿದ್ರು, ನಾನು ಬೇಡ ಅಂದೆ, ಕೇಳಲಿಲ್ಲ. ಆರು ವರ್ಷ ಆದ್ಮೇಲೆ ಹೋಗಿ ನೋಡಿದ್ರೆ ಅದರಲ್ಲಿ ಬೇಲಿ ಗಿಡ ಬೆಳೆದಿತ್ತು, ಆ ಜಮೀನಿನ ಯಜಮಾನ್ರು ವಯಸ್ಸಾದೋರು, "ಏನ್ ಸಾ, ಹತ್ತು ಗುಂಟೆ ರಾಗಿ ಬೆಳೀತಿದ್ದೆ, ಈಗ ಗುಂಡಿ ಐತೆ" ಅಂದ್ರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ. ಒಂದು ಎಕರೆ ಇರೋರ ಹತ್ರ ಜಾಗ ಕೇಳೋವಾಗ ನಾವು ಅವರ ಊಟದಲ್ಲಿ ಪಾಲು ಕೇಳ್ತಿದೀವಿ ಅಂತಾನೇ ಅರ್ಥ. ಅದಕ್ಕೇ ಸಣ್ಣ ಹಿಡುವಳಿ ಇರೋ ಕಡೆ ಇಬ್ರು ಮೂವರ ಹೊಲ ಸೇರೋ ಮೂಲೇಲಿ ಒಂದು ಹೊಂಡ, ಜಾಗ ಒಬ್ಬರದು, ಮಣ್ಣು ಸಾಗಿಸೋದು ಇನ್ನೊಬ್ಬರು, ನೀರು ಎಲ್ರಿಗೂ ಅಂತ ಪೇಪರ್ ಮೇಲೆ ಬರ್ಕೊಂಡು ಮಾಡಿ. ಹಾಸನ ಜಿಲ್ಲೆ ಅರಸೀಕೆರೆ ಕಡೆ ಆದಿಹಳ್ಳಿ ಮೈಲನಹಳ್ಳೀಲಿ ಬೈಫ್ ಅನ್ನೋ ಗ್ರಾಮೀಣ ಅಭಿವೃದ್ಧಿ ಸಂಸ್ಥೆಯೋರು ಹೊಂಡಗಳನ್ನ ಒಂದಕ್ಕೊಂದು ಸಾಲಾಗಿ ಜೋಡಿಸಿದಾರೆ, ಮೇಲಿನ ಹೊಂಡ ತುಂಬಿ ಉಕ್ಕಿದ್ದು ಕೆಳಗಿನ ಹೊಂಡಕ್ಕೆ. ನಿಮ್ಮೂರವ್ರನ್ನ ಒಂದು ಬಸ್ ಮಾಡಿ ಕರ್ಕೊಂಡು ಹೋಗಿ ತೋರ್ಸಿ, ನಾನು ಹತ್ತು ಪೇಜು ಬರೆಯೋದಕ್ಕಿಂತ ಅದು ಒಳ್ಳೇದು.

ಕೆಂಪು ಮಣ್ಣಲ್ಲಿ ನೀರು ನಿಲ್ಲಲ್ಲ, ಇಂಗುತ್ತೆ. ಬೆಳೆಗೆ ಅಂತ ತೆಗ್ಸೋ ಹೊಂಡಕ್ಕೆ 500 ಮೈಕ್ರಾನ್ ಶೀಟು ಹಾಕ್ಸಿ, ತೆಳು ಟಾರ್ಪಾಲು ಎರಡು ಬೇಸಿಗೆಗೆ ಪುಡಿಪುಡಿ ಆಗುತ್ತೆ. ಬೋರಿನ ಮೇಲ್ಗಡೆ ತೆಗೆಯೋ ಹೊಂಡಕ್ಕೆ ಶೀಟು ಬೇಡವೇ ಬೇಡ, ಅದು ಇಂಗಿ ಒಳಗೆ ಇಳೀಲಿ ಅಂತಾನೇ ಇರೋದು. ಇದ್ರ ಜೊತೆ ಒಂದು ಮಾತು, ಇದನ್ನ ದಯವಿಟ್ಟು ಹಗುರಾಗಿ ತಗೋಬೇಡಿ. ಶೀಟು ಹಾಕಿದ ಹೊಂಡ ಜಾರುತ್ತೆ, ಬಿದ್ದ ಮಗು ಹತ್ತಿ ಬರೋಕೆ ಆಗಲ್ಲ, ದೊಡ್ಡೋರಿಗೇ ಆಗಲ್ಲ. ನಮ್ಮ ರಾಜ್ಯದಲ್ಲಿ ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಸತ್ತಿರೋ ಸುದ್ದಿ ಮತ್ತೆ ಮತ್ತೆ ಓದ್ತಾನೇ ಇದೀವಿ. ಸುತ್ತ ತಂತಿ ಬೇಲಿ, ಗೇಟು, ನಾಲ್ಕೂ ಕಡೆ ಗಂಟು ಹಾಕಿದ ದಪ್ಪ ಹಗ್ಗ ನೀರೊಳಗೆ ಇಳಿಬಿಟ್ಟಿರಬೇಕು, ಲಾರಿ ಟ್ಯೂಬ್ ಒಂದು ಪಕ್ಕದಲ್ಲೇ ಇರಬೇಕು. ಬೇಲಿಗೆ ದುಡ್ಡಿಲ್ಲ ಅಂದ್ರೆ ಒಂದು ಹೊಂಡ ಕಮ್ಮಿ ತೆಗೆಸಿ, ಬೇಲಿ ಇಲ್ದೆ ಮಾತ್ರ ಮಾಡ್ಬೇಡಿ.

ಹೊಂಡಕ್ಕಿಂತ ಮುಂಚೆ ಬದು. ಇದು ಯಾರಿಗೂ ರುಚಿಸಲ್ಲ, ಉದ್ಘಾಟನೆ ಮಾಡೋಕೆ ಅದರಲ್ಲಿ ಏನೂ ಇರಲ್ವಲ್ಲ. ಆದ್ರೆ ಹೊಲದಲ್ಲೇ ನಿಂತು ಇಂಗಿದ ನೀರಿಗೆ ಪಂಪು ಬೇಡ, ಡೀಸೆಲ್ ಬೇಡ, ಹಂಚ್ಕೊಳ್ಳೋ ಜಗಳಾನೂ ಇಲ್ಲ. ಇಲ್ಲಿ ನಮ್ಮ ಸೀಮೆದೇ ಒಂದು ಸಂಗತಿ ಹೇಳ್ಬೇಕು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಕೊಚ್ಚಿ ಹೋಗೋದನ್ನ ಕಮ್ಮಿ ಖರ್ಚಲ್ಲಿ ತಡೆಯೋ ದಾರಿ ಹುಡುಕ್ತಾ ಇದ್ರು, ದೊಡ್ಡ ದೊಡ್ಡ ಮಣ್ಣಿನ ಬದು ಹಾಕ್ಸಿದ್ರೂ ಮಳೆಗೆ ಒಡೆದು ಹೋಗ್ತಿತ್ತು. ಅವ್ರು ಲಾವಂಚದ ಹುಲ್ಲನ್ನ ಸಾಲಾಗಿ ನೆಡಿ ಅಂತ ಹೇಳ್ಕೊಂಡು ಗುಂಡ್ಲುಪೇಟೆ ಕಡೆ ಬಂದಾಗ ನೋಡಿದ್ರೆ, ಅಲ್ಲಿನ ರೈತ್ರು ತಲೆತಲಾಂತರದಿಂದ ಹೊಲದ ಎಲ್ಲೆಗೆ ಲಾವಂಚ ಹಾಕ್ಕೊಂಡೇ ಬಂದಿದ್ರು. ಗುಂಡ್ಲುಪೇಟೆ ಆಗ ಮೈಸೂರು ಜಿಲ್ಲೇಲೇ ಇತ್ತು, ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ. ಆಮೇಲೆ ಅದೇ ಹುಲ್ಲನ್ನ ಪ್ರಪಂಚದ ಎಷ್ಟೋ ದೇಶಗಳಲ್ಲಿ ಹಾಕ್ಸಿದ್ರು, ಗುಂಡ್ಲುಪೇಟೆ ಹೆಸ್ರು ಪುಸ್ತಕಗಳಲ್ಲಿ ಬಂತು. ಲಾವಂಚದ ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತೆ, ಪಕ್ಕದ ಬೆಳೆ ಮೇಲೆ ಹಾಯಲ್ಲ, ದನ ಅಷ್ಟಾಗಿ ಮುಟ್ಟಲ್ಲ, ನೀರನ್ನ ಪೂರ್ತಿ ಕಟ್ಟಿ ಹಾಕ್ದೆ ಸೋಸಿ ನಿಧಾನಕ್ಕೆ ಬಿಡುತ್ತೆ. ನೀವು ಕಂಪನಿ ದುಡ್ಡಲ್ಲಿ ಇಂಜಿನಿಯರ್ ಕರ್ಸೋ ಮುಂಚೆ ನಿಮ್ಮೂರಲ್ಲಿ ಎಪ್ಪತ್ತು ದಾಟಿದ ನಾಲ್ಕು ಜನ ಅಜ್ಜ ಅಜ್ಜಿಯರನ್ನ ಕೂರ್ಸಿ ಯಾವ ಹೊಲದ ಬದುಗೆ ಏನು ಹಾಕ್ತಿದ್ರಿ, ನೀರು ಎಲ್ಲಿ ನಿಲ್ತಿತ್ತು, ಯಾವ ಕಟ್ಟೆ ಯಾವಾಗ ಒಡೀತು ಅಂತ ಕೇಳಿ ಬರ್ಕೊಳ್ಳಿ.

ಬದು ಹಾಕೋಕೆ ಮಟ್ಟ ನೋಡ್ಬೇಕಲ್ಲ, ಅದಕ್ಕೆ ದೊಡ್ಡ ಮಿಷನ್ನು ಏನೂ ಬೇಡ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಯತೆಂಗಾ ಅನ್ನೋ ಸೀಮೇಲಿ, ನಮಗಿಂತ ಕಮ್ಮಿ ಮಳೆ, ನೆಲ ಸಿಮೆಂಟ್ ಥರ ಗಟ್ಟಿಯಾಗಿತ್ತು, 1970ರ ದಶಕದ ಕೊನೇಲಿ ಆಕ್ಸ್‌ಫಾಮ್ ಅನ್ನೋ ಬ್ರಿಟನ್ನಿನ ಸೇವಾ ಸಂಸ್ಥೆ ಅಲ್ಲಿಗೆ ಹೋಗಿದ್ದು ಗಿಡ ನೆಡ್ಸೋಕೆ. ಜನ ಗಿಡಕ್ಕಿಂತ ಮೊದ್ಲು ಜೋಳಕ್ಕೆ ದಾರಿ ಮಾಡಿ ಅಂದ್ರು. ಆಗ ಮಟ್ಟದ ಸಾಲಲ್ಲಿ ಕಲ್ಲು ಜೋಡ್ಸೋ ಕೆಲಸ ಶುರು ಆಯ್ತು, ಮಟ್ಟ ನೋಡೋಕೆ ಅವ್ರು ಬಳಸಿದ್ದು ಒಂದು ಟ್ರಾನ್ಸ್‌ಪರೆಂಟ್ ಪೈಪು. ಪೈಪಿಗೆ ನೀರು ತುಂಬಿ ಎರಡು ತುದೀನ ಎರಡು ಕೋಲಿಗೆ ಕಟ್ಟಿ ಇಬ್ರು ಹಿಡ್ಕೊಂಡು ನಿಂತ್ರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬರೋ ಜಾಗ ಸಿಗುತ್ತೆ, ನಮ್ಮ ಗಾರೆ ಕೆಲಸದೋರು ಮನೆ ಕಟ್ಟೋವಾಗ ಮಾಡ್ತಾರಲ್ಲ ಅದೇ. ಅಕ್ಷರ ಬರ್ದೇ ಇರೋರೂ ಬೇಗ ಕಲಿತು ಇನ್ನೊಬ್ರಿಗೆ ಹೇಳ್ಕೊಟ್ರು. ಅದೇ ದೇಶದ ಯಾಕೂಬಾ ಸವಡೋಗೋ ಅನ್ನೋ ರೈತ ಅವರ ಹಳೇ ಪದ್ಧತಿ ಝಾಯ್ ಅನ್ನೋ ಬಿತ್ತನೆ ಗುಣಿಗಳನ್ನ ಬೇಸಿಗೇಲೇ ತೋಡಿ, ದೊಡ್ಡದು ಮಾಡಿ, ಗೊಬ್ಬರ ತುಂಬಿ, ಬಂಜರು ನೆಲದಲ್ಲಿ ಬೆಳೆ ತೆಗೆದು ಕಾಡನ್ನೂ ಎಬ್ಬಿಸಿದ್ರು, 2018ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರ್ಕೊಂಡ್ರು. ಹಾವೇರಿ ಕಡೆ ಗುಳಿ ತೋಡಿ ಸಸಿ ನೆಟ್ಟು ಗುಳಿ ರಾಗಿ ಅಂತ ಹಾಕ್ತಾರಲ್ಲ, ಅದನ್ನ ಕಂಡೋರಿಗೆ ಇದು ಹೊಸದು ಅನ್ಸಲ್ಲ. ಆಕ್ಸ್‌ಫಾಮ್ ಅಲ್ಲಿ ಮಾಡಿದ ಒಳ್ಳೆ ಕೆಲಸ ಅಂದ್ರೆ ತಾನು ಹೊತ್ಕೊಂಡು ಬಂದ ಪ್ಲಾನನ್ನ ಜನರ ಮಾತು ಕೇಳಿ ಬದಲಾಯ್ಸಿದ್ದು. ನಿಮಗೆ ದುಡ್ಡು ಕೊಡೋ ಕಂಪನಿಗೂ ಈ ಮಾತು ಹೇಳಿ, ಮೊದಲ್ನೇ ವರ್ಷ ಆದ್ಮೇಲೆ ಪ್ಲಾನ್ ಬದಲಾಯ್ಸೋಕೆ ಅವಕಾಶ ಇರ್ಬೇಕು ಅಂತ ಅಗ್ರಿಮೆಂಟಲ್ಲೇ ಹಾಕ್ಸಿ.

ಕೆರೆ ವಿಷಯಕ್ಕೆ ಬರ್ತೀನಿ. ಹೂಳು ತೆಗೀಬೇಕು ಅನ್ನೋರು ಅರ್ಧ ಸರಿ ಹೇಳ್ತಿದಾರೆ. ಕೆರೆ ತುಂಬದೇ ಇರೋದಕ್ಕೆ ಹೂಳು ಒಂದೇ ಕಾರಣ ಆಗಿರಲ್ಲ, ಕೆರೆಗೆ ನೀರು ತರೋ ಹಳ್ಳ ಕಾಲುವೆ ಮುಚ್ಚೋಗಿರೋದು ಅದಕ್ಕಿಂತ ದೊಡ್ಡ ಕಾರಣ ಇರುತ್ತೆ. ಒತ್ತುವರಿ ಆಗಿರುತ್ತೆ, ರಸ್ತೆಗೆ ಮಣ್ಣು ಏರಿಸಿ ಮೋರಿ ಇಡೋದೇ ಮರ್ತಿರ್ತಾರೆ. ನೀರು ಬರೋ ದಾರೀನೇ ಇಲ್ದೆ ಕೆರೆ ಆಳ ಮಾಡಿದ್ರೆ ದೊಡ್ಡ ಒಣ ಗುಂಡಿ ಸಿಗುತ್ತೆ ಅಷ್ಟೆ. ಮೊದ್ಲು ಕಾಲುವೆ, ಆಮೇಲೆ ಕೋಡಿ (ತುಂಬಿದ ನೀರು ಹೊರಗೆ ಹೋಗೋ ಜಾಗ), ತೂಬು (ನೀರು ಬಿಡೋ ಬಾಗಿಲು), ಏರಿ (ಕೆರೆ ಕಟ್ಟೆ) ರಿಪೇರಿ, ಕೊನೆಗೆ ಹೂಳು. ಹೂಳು ತೆಗೆಯೋವಾಗ ಜೆಸಿಬಿಯೋನು ಸುಲಭ ಅಂತ ಏರಿ ಬುಡದಲ್ಲೇ ಬಗೀತಾನೆ, ಬಿಡ್ಬೇಡಿ, ಏರಿ ಕುಸಿಯುತ್ತೆ. ಹೂಳನ್ನ ರೈತರೇ ಸ್ವಂತ ಟ್ರ್ಯಾಕ್ಟರಲ್ಲಿ ಹೊಲಕ್ಕೆ ಹೊಡ್ಕೊಳ್ಳೋ ಹಾಗಿದ್ರೆ ದಾನದ ದುಡ್ಡಲ್ಲಿ ಜೆಸಿಬಿ ಗಂಟೆ ಲೆಕ್ಕ ಕೊಟ್ರೆ ಸಾಕು, ಧರ್ಮಸ್ಥಳ ಯೋಜನೆಯ ನಮ್ಮೂರು ನಮ್ಮ ಕೆರೆ ಕೆಲಸಗಳಲ್ಲೂ ರೈತ್ರು ಮಣ್ಣು ಹೀಗೇ ಸಾಗಿಸ್ಕೊಂಡಿದಾರೆ. ಒಂದು ಎಕರೆ ಜಾಗದಲ್ಲಿ ಒಂದು ಅಡಿ ಹೂಳು ತೆಗೆದ್ರೆ 12 ಲಕ್ಷ ಲೀಟರ್ ಜಾಗ ಆಗುತ್ತೆ, ಆ ಮಣ್ಣು ಬಿದ್ದ ಹೊಲಕ್ಕೆ ತೇವ ಹಿಡಿಯೋ ಶಕ್ತಿ ಬರುತ್ತೆ. ಆದ್ರೆ ಪರ್ಮಿಷನ್ ಇಲ್ದೆ ಕೈ ಹಾಕ್ಬೇಡಿ. ಕೆರೆ ನೀರು ಹರಿಯೋ ಜಮೀನು, ಅಂದ್ರೆ ಅಚ್ಚುಕಟ್ಟು, 40 ಹೆಕ್ಟೇರಿಗಿಂತ ಜಾಸ್ತಿ ಇದ್ರೆ ಸಣ್ಣ ನೀರಾವರಿ ಇಲಾಖೆ, ಕಮ್ಮಿ ಇದ್ರೆ ಜಿಲ್ಲಾ ಪಂಚಾಯ್ತಿ ಕಡೆಯಿಂದ.

ಇಲ್ಲೇ ಒಂದು ಸೂಕ್ಷ್ಮ ಇದೆ. ಎಲ್ಲಾ ಹೊಲದಲ್ಲೂ ಹೊಂಡ ತೆಗೆದು ಹಳ್ಳಕ್ಕೆಲ್ಲ ಚೆಕ್ ಡ್ಯಾಮ್ ಹಾಕಿದ್ರೆ ಕೆರೆಗೆ ಬರೋ ನೀರು ಕಮ್ಮಿ ಆಗುತ್ತೆ, ಅಚ್ಚುಕಟ್ಟಿನ ಗದ್ದೆಯೋರು, ಕೆಳಗಿನ ಊರಿನೋರು ಜಗಳಕ್ಕೆ ಬರ್ತಾರೆ, ಅವ್ರ ಜಗಳದಲ್ಲಿ ನ್ಯಾಯ ಇದೆ. ಹಂಗಾಗಿ 70 ಮನೆಗೆ 70 ಹೊಂಡ ಬೇಡ. ಇಪ್ಪತ್ತು ಇಪ್ಪತ್ತೈದು ಹಂಚ್ಕೊಳ್ಳೋ ಹೊಂಡ, ಎಲ್ಲಾ ಹೊಲಕ್ಕೂ ಬದು, ಕೆರೆ ಕಾಲುವೆ ಸ್ವಚ್ಛ, ಇದರ ನಡುವೆ ಎಲ್ಲೋ ನಿಮ್ಮೂರಿನ ಅಳತೆ ಸಿಗುತ್ತೆ.

ದುಡ್ಡು ಸಾಲಲ್ಲ ಅನ್ಬೇಡಿ, ಮಳವಳ್ಳಿ ತಾಲ್ಲೂಕು ದಾಸನದೊಡ್ಡಿ ಕಾಮೇಗೌಡ್ರನ್ನ ನೆನೆಸ್ಕೊಳ್ಳಿ. ಕುರಿ ಕಾಯ್ತಾ ಕಾಯ್ತಾ ಊರ ಪಕ್ಕದ ಬೆಟ್ಟದಲ್ಲಿ ಒಂದಾದ್ಮೇಲೆ ಒಂದು ಕಟ್ಟೆ ತೋಡಿದ್ರು, 2020ರಲ್ಲಿ ಪ್ರಧಾನಿಗಳು ಮನ್ ಕಿ ಬಾತ್‌ನಲ್ಲಿ ಅವರ ಹೆಸ್ರು ಹೇಳಿದ್ರು, 2022ರಲ್ಲಿ ತೀರ್ಕೊಂಡ್ರು. ಅವ್ರು ಕಟ್ಟೆ ತೋಡಿದ್ದು ಕುರಿಗೆ, ಹಕ್ಕಿಗೆ, ಕಾಡುಪ್ರಾಣಿಗೆ ನೀರು ಸಿಗ್ಲಿ ಅಂತ. ನಿಮ್ಮ ಪ್ಲಾನಲ್ಲಿ ಕುರಿ ಸಾಕೋರಿಗೆ, ಜಮೀನೇ ಇಲ್ದೆ ಇರೋರಿಗೆ ಏನಿದೆ? ದನ ಕುರಿ ನೀರು ಕುಡಿಯೋಕೆ ಒಂದು ಗೋಕಟ್ಟೆ, ಕೆರೇಲಿ ಮೀನು ಹಿಡಿಯೋ ಹಕ್ಕು, ಬದು ಮೇಲಿನ ಮೇವು, ಇವನ್ನ ಅವರ ಹೆಸ್ರಿಗೆ ಬರೀರಿ.

ಇನ್ನು ಡ್ರಿಪ್ಪು. ಡ್ರಿಪ್ ಕೆಟ್ಟದ್ದು ಅಂತ ನಾನು ಹೇಳಲ್ಲ, ತೆಂಗಿಗೆ ತರಕಾರಿಗೆ ಅದರಷ್ಟು ಒಳ್ಳೇದಿಲ್ಲ. ಆದ್ರೆ ಪುಕ್ಕಟೆ ಹಂಚಿದ ಡ್ರಿಪ್ಪಿನ ಗತಿ ನೋಡಿದೀನಿ. ಒಂದು ಸಂಸ್ಥೆ ಒಂದೂರಲ್ಲಿ ಎಲ್ಲಾ ಸೆಟ್ಟು ಒಂದೇ ದಿನ ಹಂಚಿ ಫೋಟೋ ತೆಗೆಸ್ಕೊಂಡು ಹೋಯ್ತು, ಫಿಲ್ಟರ್ ಬಿಚ್ಚಿ ತೊಳೀಬೇಕು ಅಂತ ಒಬ್ರಿಗೂ ಹೇಳಿರಲಿಲ್ಲ. ಎರಡು ವರ್ಷಕ್ಕೆ ತೂತೆಲ್ಲ ಉಪ್ಪು ಕಟ್ಟಿ, ಆ ಪೈಪಲ್ಲಿ ದನ ಕಟ್ತಿದ್ರು, ಬೇಲಿಗೆ ಸುತ್ತಿದ್ರು. ಇನ್ನೊಂದು ಕಡೆ ಡ್ರಿಪ್ ಚೆನ್ನಾಗೇ ನಡೀತು, ಉಳಿದ ನೀರಲ್ಲಿ ಇನ್ನೂ ಒಂದು ಎಕರೆ ಬಾಳೆ ಹಾಕಿದ್ರು, ಬೋರು ಮೊದ್ಲಿಗಿಂತ ಬೇಗ ಬತ್ತಿತು. ಅದಕ್ಕೇ ಎಷ್ಟು ಜಾಗಕ್ಕೆ, ಯಾವ ಬೆಳೆಗೆ ಅಂತ ಮೊದ್ಲೇ ಊರಲ್ಲಿ ಒಪ್ಪಂದ ಆಗ್ದೆ ಡ್ರಿಪ್ ತರ್ಬೇಡಿ. ಡ್ರಿಪ್ಪಿಗೆ ಸರ್ಕಾರದ ಸಬ್ಸಿಡೀನೂ ಇದೆ, ಕೃಷಿ ಭಾಗ್ಯ ಅಂತ 2014ರಲ್ಲಿ ಶುರು ಆದ ಸ್ಕೀಮಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ 80 ಪರ್ಸೆಂಟ್, ಎಸ್ಸಿ ಎಸ್ಟಿ ರೈತರಿಗೆ 90 ಪರ್ಸೆಂಟ್ ಸಬ್ಸಿಡಿ ಇಟ್ಟಿದ್ರು. ಈ ವರ್ಷ ನಿಮ್ಮ ಹೋಬಳೀಲಿ ಏನಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ ತಗೊಂಡು ಹೋಗಿ ಕೇಳಿ, ಸರ್ಕಾರ ಕೊಡೋದಕ್ಕೆ ದಾನದ ದುಡ್ಡು ಸುರೀಬೇಡಿ. ದಾನದ ದುಡ್ಡು ಇರೋದು ಸರ್ಕಾರದ ಸ್ಕೀಮು ಮುಟ್ಟದೇ ಇರೋ ಕಡೆಗೆ, ಅಂದ್ರೆ ತನ್ನ ಪಾಲಿನ 20 ಪರ್ಸೆಂಟ್ ಹೊಂದ್ಸೋಕೆ ಆಗ್ದೆ ಇರೋರು, ಅಪ್ಪನ ಹೆಸ್ರಲ್ಲೇ ಪಹಣಿ ಇದ್ದು ಖಾತೆ ಬದಲಾಗ್ದೆ ಇರೋರು, ಗಂಡ ತೀರ್ಕೊಂಡು ಒಬ್ರೇ ಜಮೀನು ಮಾಡ್ತಿರೋ ಹೆಣ್ಮಕ್ಳು.

ಹಂಗಂತ ಅವ್ರಿಗೂ ಪೂರ್ತಿ ಪುಕ್ಕಟೆ ಕೊಡ್ಬೇಡಿ. ಈ ಮಾತು ಕಠಿಣ ಅನ್ಸುತ್ತೆ ಅಂತ ಗೊತ್ತು. ಬಾಂಗ್ಲಾದೇಶದಲ್ಲಿ ತುಳಿಯೋ ಪಂಪು ಅಂತ ಬಂತು, ರಂಗಪುರ ಕಡೆ ಗುನ್ನಾರ್ ಬಾರ್ನೆಸ್ ಅನ್ನೋ ಇಂಜಿನಿಯರ್ 1980ರ ಆಸುಪಾಸಲ್ಲಿ ಮಾಡಿದ್ದು, ಬಿದಿರು, ಎರಡು ಸಿಲಿಂಡರ್, ನಿಂತ್ಕೊಂಡು ಕಾಲಲ್ಲಿ ತುಳಿದ್ರೆ ನೀರು ಬರುತ್ತೆ. ಅದನ್ನ ದಾನ ಮಾಡ್ಲಿಲ್ಲ, ಊರ ವೆಲ್ಡಿಂಗ್ ಶಾಪಲ್ಲಿ ಮಾಡಿ ಅಂಗಡೀಲಿಟ್ಟು ಮಾರಿದ್ರು, ಹತ್ತು ಲಕ್ಷಕ್ಕೂ ಜಾಸ್ತಿ ಹೋಯ್ತು. ಕೊಂಡೋರು ಅದನ್ನ ರಿಪೇರಿ ಮಾಡಿ ಇಟ್ಕೊಂಡ್ರು, ಪಾರ್ಟು ಊರಲ್ಲೇ ಸಿಗ್ತಿತ್ತು. ನಿಮ್ಮ ಬೋರಿನ ಆಳಕ್ಕೆ ಅದು ಆಗಲ್ಲ, ಏಳು ಮೀಟರ್ ಒಳಗಿನ ನೀರಿಗೆ ಮಾತ್ರ, ಹೊಂಡದ ಪಕ್ಕದಲ್ಲಿ ಸೊಪ್ಪು ತರಕಾರಿ ಪಾತಿಗೆ ಆದೀತು. ನೀವು ಪ್ರತಿ ಮನೆ ಹತ್ರಾನೂ ಕೈಲಾದಷ್ಟು ಪಾಲು ತಗೊಳ್ಳಿ, ದುಡ್ಡಿಲ್ದೋರು ಕೂಲಿ ರೂಪದಲ್ಲಿ ಕೊಡ್ಲಿ, ಆ ಪಾಲಿನ ದುಡ್ಡನ್ನ ಖರ್ಚು ಮಾಡ್ದೆ ರಿಪೇರಿ ನಿಧಿ ಅಂತ ಬೇರೆ ಖಾತೇಲಿ ಇಡಿ. ಯಾಕೆ ಅಂದ್ರೆ ಸಿಎಸ್‌ಆರ್ ದುಡ್ಡನ್ನ ಹಂಗೆ ನಿಧಿಯಾಗಿ ಕಟ್ಟಿಡೋಕೆ ಅದರ ನಿಯಮಕ್ಕೆ 2021ರಲ್ಲಿ ತಿದ್ದುಪಡಿ ಆದ್ಮೇಲೆ ಬರಲ್ಲ, ಅದು ಕೆಲಸಕ್ಕೇ ಖರ್ಚಾಗ್ಬೇಕು. ಮೂರನೇ ವರ್ಷ ಶೀಟು ಹರಿದಾಗ ಕಂಪನಿಯೋರು ಬರಲ್ಲ, ಆ ಖಾತೇನೇ ಗತಿ.

ಆ ಖಾತೆ ಯಾರ ಕೈಲಿರ್ಬೇಕು ಅಂದ್ರೆ ನನ್ನ ಅನುಭವದಲ್ಲಿ ಹೆಣ್ಮಕ್ಕಳ ಸ್ವಸಹಾಯ ಸಂಘದ ಕೈಲಿ. ಈ ಸಂಘಗಳು ನಮ್ಮ ಮೈಸೂರು ಸೀಮೆಗೆ ಹೊಸದಲ್ಲ, 1968ರಲ್ಲಿ ಶುರು ಆದ ಮೈರಾಡ ಸಂಸ್ಥೆ ಸಣ್ಣ ಸಣ್ಣ ಗುಂಪು ಮಾಡಿ ಅವ್ರೇ ಉಳಿಸಿ ಅವ್ರೇ ಸಾಲ ಕೊಡೋ ಪದ್ಧತಿ ಬೆಳೆಸ್ತು, 1987ರಲ್ಲಿ ನಬಾರ್ಡ್ ಅನ್ನೋ ಕೃಷಿ ಗ್ರಾಮೀಣ ಅಭಿವೃದ್ಧಿ ಬ್ಯಾಂಕು ಅದಕ್ಕೆ ನೆರವು ಕೊಡ್ತು, 1992ರಿಂದ ಬ್ಯಾಂಕುಗಳನ್ನ ಸೇರಿಸಿ ದೇಶಕ್ಕೆಲ್ಲ ಹಬ್ಬಿಸಿದ್ರು. ಎರಡು ಪಂಪ್‌ಸೆಟ್ಟು, ಒಂದಷ್ಟು ಸ್ಪ್ರಿಂಕ್ಲರ್ ಪೈಪು ಸಂಘದ ಹೆಸ್ರಲ್ಲಿ ತಗೊಳ್ಳಿ, ದಿನದ ಬಾಡಿಗೆ ಸಂಘ ನಿಗದಿ ಮಾಡ್ಲಿ, ಎಲ್ರ ಹೊಂಡಕ್ಕೂ ಸರದಿ ಪ್ರಕಾರ ಹೋಗ್ಲಿ. ಮನೆಗೊಂದು ಪಂಪು ಕೊಡ್ಸೋ ದುಡ್ಡಲ್ಲಿ ಇನ್ನೂ ನಾಲ್ಕು ಹೊಂಡ ಆಗುತ್ತೆ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡದಲ್ಲಿ ನಡೆದಾಗ ನಾನು ಮೆಚ್ಚಿದ್ದೂ ಇದೇ, ಕಾಮಗಾರಿಗಿಂತ ಮುಂಚೆ ಊರಲ್ಲಿ ಗುಂಪು ಮಾಡಿ, ಜನರಿಂದಲೇ ಪ್ಲಾನ್ ಮಾಡ್ಸೋಕೆ ಟೈಮ್ ಕೊಟ್ರು. ಆ ಟೈಮನ್ನ ವೇಸ್ಟ್ ಅಂತ ಅನ್ಕೊಳ್ಳೋ ದಾನಿಗಳೇ ಜಾಸ್ತಿ.

ಅಮೆರಿಕದ ಹುಡುಗ್ರ ದುಡ್ಡಿಗೆ ಒಂದು ಎಚ್ಚರಿಕೆ. ಅವ್ರು ಇನ್ನೂ ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡಿದ್ದು ಸ್ವಂತ ಉಳಿತಾಯ ಬ್ಯಾಂಕ್ ಮೂಲಕ ಕಳ್ಸಿದ್ರೆ ಅದು ವಿದೇಶಿ ದೇಣಿಗೆ ಆಗಲ್ಲ. ಅಲ್ಲಿನ ಸಿಟಿಜನ್ ಆಗಿದ್ರೆ, ಅಥವಾ ಆಫೀಸಿನ ಅಮೆರಿಕನ್ ಫ್ರೆಂಡ್ಸ್ ಹತ್ರ ಕಲೆಕ್ಟ್ ಮಾಡಿ ಕಳ್ಸಿದ್ರೆ ಆಗುತ್ತೆ, ಆಗ ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯ್ದೆ ಪ್ರಕಾರ ನೋಂದಣಿ ಅಥವಾ ಮುಂಚಿತ ಅನುಮತಿ ಇರೋ ಸಂಸ್ಥೆ ಮಾತ್ರ ತಗೋಬಹುದು, 2020ರ ತಿದ್ದುಪಡಿ ಪ್ರಕಾರ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆ ಖಾತೆಗೇ ಬರ್ಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸೋ ಹಾಗಿಲ್ಲ. ಊರ ಯುವಕ ಸಂಘದ ಖಾತೆಗೆ ಹಾಕ್ಸ್ಕೊಂಡು ಸಿಕ್ಕಾಕ್ಕೋಬೇಡಿ. ಕಂಪನಿ ಹತ್ರ ಇನ್ನೊಂದು ಕೇಳಿ. ಮಾರ್ಚ್ 31ರೊಳಗೆ ಖರ್ಚು ಮುಗಿಸಿ ಅಂತ ಅವಸರ ಮಾಡ್ತಾರೆ, ನೀವು ಇದನ್ನ ಆನ್‌ಗೋಯಿಂಗ್ ಪ್ರಾಜೆಕ್ಟ್ ಅಂತ ಮಾಡಿ ಅನ್ನಿ, ಶುರು ಮಾಡಿದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡ್ಸೋಕೆ ಕಾನೂನಲ್ಲೇ ಅವಕಾಶ ಇದೆ. ಮೊದಲ್ನೇ ವರ್ಷ ಬದು, ಕಾಲುವೆ, ಐದೇ ಐದು ಹೊಂಡ. ಅವು ಒಂದು ಮಳೆಗಾಲ ತಡೆದು ನಿಂತ ಮೇಲೆ ಉಳಿದಿದ್ದು. 25 ಲಕ್ಷದಲ್ಲಿ ನಾನಾಗಿದ್ರೆ ಅರ್ಧ ಬದು ಹೊಂಡ ಬೇಲಿಗೆ, ಕಾಲು ಭಾಗ ಕೆರೆ ಕಾಲುವೆ ಕೋಡಿಗೆ, ಉಳಿದ ಕಾಲು ಭಾಗ ಪಂಪು ಪೈಪು, ತರಬೇತಿ, ಮೂರು ವರ್ಷ ಇದನ್ನೇ ನೋಡ್ಕೊಳ್ಳೋ ಊರಿನ ಒಬ್ಬ ಹುಡುಗನ ಅಥವಾ ಹುಡುಗಿಯ ಸಂಬಳಕ್ಕೆ ಇಡ್ತಿದ್ದೆ. ಹಳೇ ಕಾಲದಲ್ಲಿ ನೀರುಗಂಟಿ ಅಂತ ಇರ್ತಿದ್ರಲ್ಲ, ತೂಬು ಎತ್ತೋದು ಇಳಿಸೋದು, ಯಾರಿಗೆ ಎಷ್ಟು ಹೊತ್ತು ಅಂತ ನೋಡೋದು, ಅಂಥ ಒಬ್ರು ಬೇಕೇ ಬೇಕು.

ಈಗ ಸದ್ಯಕ್ಕೆ ನೀವು ಮಾಡ್ಬೇಕಾದ್ದು ಒಂದೇ ಕೆಲಸ. ಮುಂದಿನ ಜೋರು ಮಳೆ ಬಂದಾಗ ಮನೇಲಿ ಕೂರ್ಬೇಡಿ, ಸಿಡ್ಲು ಕಮ್ಮಿ ಆದ ತಕ್ಷಣ ನಾಲ್ಕು ಜನ ಛತ್ರಿ ಹಿಡ್ಕೊಂಡು ಊರ ಮೇಲ್ಗಡೆಯಿಂದ ಕೆರೆ ತನಕ ನಡೀರಿ, ನೀರು ಎಲ್ಲಿ ಹುಟ್ಟುತ್ತೆ, ಯಾರ ಹೊಲ ಕೊಚ್ಚುತ್ತೆ, ಎಲ್ಲಿ ತಿರುಗುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ, ಮಾರನೇ ದಿನ ದೇವಸ್ಥಾನದ ಜಗಲಿ ಮೇಲೆ ರಂಗೋಲಿ ಪುಡೀಲಿ ಊರ ನಕ್ಷೆ ಬರೆದು ಹೆಂಗಸ್ರನ್ನೂ ಕರೆದು ಅದರ ಮೇಲೆ ನೀರಿನ ದಾರಿ ಗುರ್ತು ಹಾಕ್ಸಿ. ಆ ನಕ್ಷೆ ಫೋಟೋ ತೆಗೆದು ನನಗೆ ಕಳ್ಸಿ, ಯಾವ ಮೂಲೇಲಿ ಮೊದಲ್ನೇ ಹೊಂಡ ಬರ್ಬೇಕು ಅಂತ ಕೂತು ನೋಡೋಣ.